ಆಸ್ಟ್ರೇಲಿಯಾದ ಊರ ಹೆಸರುಗಳು: ಕೇಳಿದವರ ತಪ್ಪು, ಹೇಳಿದವರ ನೆನಪು

1835ರಲ್ಲಿ ಜಾನ್ ವೆಡ್ಜ್ ಎಂಬ ಸರ್ವೇಯರ್ ಈಗ ಮೆಲ್ಬರ್ನ್ ಇರುವ ಕಡೆ ಒಂದು ಹೊಳೆಯ ಹತ್ತಿರ ಬಂದ. ಜೊತೆಗಿದ್ದ ಮೂಲನಿವಾಸಿಗಳು ಹೊಳೆ ಕಂಡು 'ಯಾರಾ ಯಾರಾ' ಅಂದರು. ಹೊಳೆಯ ಹೆಸರೇ ಅದು ಅಂದುಕೊಂಡ. ಮುಂದೆ ವೆರಿಬಿ ನದಿಯ ಒಂದು ಸಣ್ಣ ಜಲಪಾತಕ್ಕೂ ಅವರು ಅದೇ ಮಾತು ಹೇಳಿದರು. ಅದು ನೀರು ಧುಮುಕುವ ಜಾಗಕ್ಕೆ ಹೇಳುವ ಮಾತು ಅಂತ ಆಗ ಅವನಿಗೆ ತಿಳಿಯಿತು. ಆದರೂ ಹೊಳೆಗೆ ಯಾರಾ ಎಂಬ ಹೆಸರೇ ನಿಂತಿತು. ಅಲ್ಲಿಯವರ ಪಾಲಿಗೆ ಅದು ಬಿರ್ರರುಂಗ್.

ಊರ ಹೆಸರುಗಳಿಗೆ 'ಆದಿವಾಸಿ ಭಾಷೆಯಲ್ಲಿ ಇಂಥ ಅರ್ಥ' ಅಂತ ಸುಮ್ನೆ ಬರೆದುಬಿಡುತ್ತಾರೆ. ಯಾವ ಭಾಷೆ? 1788ರಲ್ಲಿ ಬ್ರಿಟಿಷರು ಬಂದು ನೆಲೆಸಿದಾಗ ಅಲ್ಲಿ 250ಕ್ಕೂ ಜಾಸ್ತಿ ಭಾಷೆಗಳಿದ್ದವು. ಭಾಷೆ ಯಾವುದೆಂದು ಹೇಳದ ಅರ್ಥವನ್ನು ನಾನಂತೂ ನಂಬುವುದಿಲ್ಲ. ಭಾಷೆ ಗೊತ್ತಿದ್ದರೂ ತಕರಾರು ತಪ್ಪಿದ್ದಲ್ಲ. ವಾಗಾ ವಾಗಾ ಎಂಬ ಊರು ಬಹಳ ಕಾಲ 'ಕಾಗೆಗಳ ಜಾಗ' ಎನಿಸಿಕೊಂಡಿತ್ತು. 2019ರಲ್ಲಿ ಅಲ್ಲಿನ ನಗರಸಭೆ ಕಾಗೆಯನ್ನು ಕೈಬಿಟ್ಟು, ಅಲ್ಲಿಯ ಮೂಲನಿವಾಸಿಗಳಾದ ವಿರಾಜುರಿ ಜನ ಹೇಳುವ ಕುಣಿತ, ಸಂಭ್ರಮ ಎಂಬ ಅರ್ಥವನ್ನು ಒಪ್ಪಿಕೊಂಡಿತು.

ಖಂಡದ ನೈಋತ್ಯ ಮೂಲೆಯಲ್ಲಿ ಗೊಂದಲ ಕಡಿಮೆ. ಕೊಜೊನಪ್, ಮಂಜಿಮಪ್, ಜೂಂಡಲಪ್ ಇವುಗಳ ಕೊನೆಯ 'ಅಪ್' ನೂಂಗಾರ್ ಭಾಷೆಯಲ್ಲಿ ಜಾಗವನ್ನು ಸೂಚಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ನಕ್ಷೆಯಲ್ಲಿ ಇಂಥ ಹೆಸರುಗಳು ಒತ್ತೊತ್ತಾಗಿರುವ ಕಡೆ ನೂಂಗಾರ್ ನಾಡಿದೆ. ಕೊಜೊನಪ್‌ನ ಹೆಸರಿನೊಳಗಿರುವುದು ಕಲ್ಲಿನ ಕೊಡಲಿ. ಕೌರಮಪ್‌ನ ಹೆಸರಿನೊಳಗಿರುವುದು ಒಂದು ಪುಟ್ಟ ಗಿಳಿ. ಆದರೆ ಆ ಊರವರು ಹೆಸರಿನ ಶುರುವಿನಲ್ಲಿ ಇಂಗ್ಲಿಷಿನ 'ಕೌ' ಕೇಳಿಸಿಕೊಂಡು ಬೀದಿಬದಿಯಲ್ಲೆಲ್ಲ ಫೈಬರ್‌ಗ್ಲಾಸ್ ಹಸುಗಳನ್ನು ನಿಲ್ಲಿಸಿದ್ದಾರೆ!

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ನಕ್ಷೆಯಲ್ಲೇ ಇಲ್ಲದ ಒಂದು ಹೆಸರು. ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್ ಹತ್ತಿರ ಫಿಟ್ಸ್‌ರಾಯ್ ಎಂಬ ದ್ವೀಪವಿದೆ. ಆ ಕಡೆಯ ಯಿಡಿನಿ ಭಾಷೆಯನ್ನು ದಾಖಲಿಸಿದ ಭಾಷಾವಿಜ್ಞಾನಿ ಆರ್. ಎಂ. ಡಬ್ಲ್ಯು. ಡಿಕ್ಸನ್ ಅವರಿಗೆ ಅಲ್ಲಿಯ ಜನ ಒಂದು ಸಂಗತಿ ಹೇಳಿದರು. ದ್ವೀಪಕ್ಕೂ ದಡಕ್ಕೂ ನಡುವೆ ಮುಡಗ ಎಂಬ ಜಾಗವಿತ್ತಂತೆ. ಅಲ್ಲಿ ಬೆಳೆಯುತ್ತಿದ್ದ ಮರದ ಹೆಸರೇ ಜಾಗಕ್ಕೂ ಬಂದಿತ್ತು. ಈಗ ಅಲ್ಲಿ ಬರೀ ಸಮುದ್ರ.

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಸಮುದ್ರದ ಮಟ್ಟ ಈಗಿನದ್ದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿದಂತೆ ನೀರು ಏರಿತು. ಸುಮಾರು 7,000 ವರ್ಷಗಳ ಹಿಂದೆ ಆ ಏರಿಕೆ ಬಹುಮಟ್ಟಿಗೆ ನಿಂತಿತು. ಹಾಗಾದರೆ ಮುಡಗ ಒಣನೆಲವಾಗಿದ್ದು ಅದಕ್ಕೂ ಮೊದಲು, ಅಲ್ವಾ? ಭೂಗೋಳಶಾಸ್ತ್ರಜ್ಞ ಪ್ಯಾಟ್ರಿಕ್ ನನ್ ಮತ್ತು ಭಾಷಾವಿಜ್ಞಾನಿ ನಿಕೊಲಸ್ ರೀಡ್ ಆಸ್ಟ್ರೇಲಿಯಾದ ಕರಾವಳಿಯ 21 ಕಡೆ ಇಂಥ ಮುಳುಗಡೆಯ ಕಥೆಗಳನ್ನು ಕಲೆಹಾಕಿದರು. ಅಲ್ಲಲ್ಲಿಯ ಸಮುದ್ರದ ಆಳ ನೋಡಿ, ಆ ನೆಲ ಯಾವಾಗ ಮುಳುಗಿರಬಹುದು ಎಂದು ಲೆಕ್ಕ ಹಾಕಿದರು.

ಬಾಯಿಮಾತು ಅಷ್ಟು ಕಾಲ ಉಳಿಯುತ್ತದೆಯೇ ಎಂದು ಅನುಮಾನಿಸುವ ವಿದ್ವಾಂಸರೂ ಇದ್ದಾರೆ. ದಡದ ಆಕಾರ ನೋಡಿ ಯಾರಾದರೂ ಕಥೆ ಕಟ್ಟಿರಬಹುದು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ದ್ವೀಪ ಹಿಂದೆ ದಡಕ್ಕೆ ಸೇರಿತ್ತು ಎಂದು ಊಹಿಸುವುದು ಸುಲಭ. ನಡುವಿನ ಒಂದು ಜಾಗದಲ್ಲಿ ಇಂಥದ್ದೇ ಮರವಿತ್ತು ಅನ್ನುವುದಕ್ಕೆ ಊಹೆಯೊಂದೇ ಸಾಕೆಂದು ನನಗನ್ನಿಸುವುದಿಲ್ಲ.