ಮನೆತನದ ಕಾಯಿಲೆಯೋ, ಮನೆಯೊಳಗಿನ ವೈರಸ್ಸೋ?

ಹಾಸನ, ಚಿಕ್ಕಮಗಳೂರು ಕಡೆ ಲಿವರ್ ಕ್ಯಾನ್ಸರ್ ಮಾತು ಬಂದರೆ ಜನ ಮೊದಲು ಕೇಳುವುದು ‘ಕುಡೀತಿದ್ರಾ?’ ಅಂತ. ಇಲ್ಲ ಅಂದರೆ ಇನ್ನೊಂದು ಉತ್ತರ ಸಿದ್ಧವಾಗಿರುತ್ತದೆ: ‘ಅವರ ವಂಶದಲ್ಲೇ ಇದೆ ಬಿಡಿ.’ ಅಣ್ಣನಿಗೆ ಬಂದದ್ದು ತಮ್ಮನಿಗೂ ಬಂದರೆ ಹಾಗನ್ನಿಸುವುದು ಸಹಜ. ಲಿವರ್‌ಗೆ ಊತ ತಂದು ಮುಂದೆ ಕ್ಯಾನ್ಸರ್‌ಗೂ ದಾರಿ ಮಾಡುವ ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿದ ವಿಜ್ಞಾನಿಗೂ ಶುರುವಿನಲ್ಲಿ ಹಾಗೇ ಅನ್ನಿಸಿತ್ತು.

ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ವೈರಸ್ ಹುಡುಕಲು ಹೊರಟವರೇ ಅಲ್ಲ. ಒಂದು ಕಾಯಿಲೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಯಾಕೆ? ಹುಟ್ಟಿನಿಂದ ಬಂದ ವ್ಯತ್ಯಾಸ ರಕ್ತದಲ್ಲೇ ಸಿಗಬಹುದು ಅಂತ ಅವರು ಬೇರೆ ಬೇರೆ ದೇಶದ ಜನರ ರಕ್ತ ಕೂಡಿಟ್ಟಿದ್ದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಇದ್ದು, ಪದೇ ಪದೇ ರಕ್ತ ಹಾಕಿಸಿಕೊಂಡ ರೋಗಿಯೊಬ್ಬರ ರಕ್ತವು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತಕ್ಕೆ ಪ್ರತಿಕ್ರಿಯೆ ತೋರಿಸಿತು. ಅಲ್ಲಿ ಸಿಕ್ಕ ಪ್ರೋಟೀನಿಗೆ ‘ಆಸ್ಟ್ರೇಲಿಯಾ ಆಂಟಿಜೆನ್’ ಅಂತ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅಮೆರಿಕದವರಲ್ಲಿ ಅದು ಅಪರೂಪ, ಏಷ್ಯಾದ ಕೆಲವು ಕಡೆ ಜಾಸ್ತಿ. ಕುಟುಂಬಗಳಲ್ಲಿ ಒಟ್ಟೊಟ್ಟಿಗೆ ಕಾಣುತ್ತಿತ್ತು. ಅಂದಮೇಲೆ ಅದು ವಂಶದ ಗುರುತೇ, ಅಲ್ವಾ?

ಆ ಲೆಕ್ಕ ತಪ್ಪಿದ್ದು 1966ರಲ್ಲಿ. ಡೌನ್ ಸಿಂಡ್ರೋಮ್ ಇದ್ದ ಒಬ್ಬ ರೋಗಿಯ ರಕ್ತದಲ್ಲಿ ಮೊದಲು ಈ ಆಂಟಿಜೆನ್ ಇರಲಿಲ್ಲ. ಮತ್ತೆ ಪರೀಕ್ಷೆ ಮಾಡಿದಾಗ ಇತ್ತು. ಹುಟ್ಟಿನಿಂದ ಬರುವ ಗುಣ ನಡುವೆ ಎದ್ದು ಬರಲು ಸಾಧ್ಯವೇ? ನೋಡಿದರೆ ಆತನ ಲಿವರ್‌ಗೆ ಊತ ಬಂದಿತ್ತು. ಅವರು ಇಷ್ಟು ದಿನ ನೋಡುತ್ತಿದ್ದದ್ದು ವೈರಸ್ಸಿನ ಹೊರಕವಚವನ್ನು. 1976ರಲ್ಲಿ ಬ್ಲೂಮ್‌ಬರ್ಗ್ ಅವರಿಗೆ ನೊಬೆಲ್ ಬಂತು. ಇವತ್ತು ನಮ್ಮ ಲ್ಯಾಬ್‌ಗಳಲ್ಲಿ ಮಾಡುವ ಎಚ್‌ಬಿಎಸ್‌ಎಜಿ ಪರೀಕ್ಷೆ ಹುಡುಕುವುದು ಅದನ್ನೇ.

ಕ್ಯಾನ್ಸರ್ ಜೊತೆಗಿನ ನಂಟನ್ನು ಗಟ್ಟಿಯಾಗಿ ತೋರಿಸಿದ್ದು ತೈವಾನ್. ಪಾಮರ್ ಬೀಸ್ಲಿ ಮತ್ತು ಜೊತೆಗಾರರು ಅಲ್ಲಿನ 22,707 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ವೈರಸ್ ಹೊತ್ತವರಿಗೆ ಲಿವರ್ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ 200 ಪಟ್ಟಿಗೂ ಹೆಚ್ಚು ಅಂತ 1981ರಲ್ಲಿ ಬರೆದರು.

ಹಾಗಾದರೆ ಒಂದೇ ಮನೆಯಲ್ಲಿ ಹಲವರಿಗೆ ಬರುವುದು ಹೇಗೆ? ತಾಯಿಯಿಂದ ಹೆರಿಗೆ ಹೊತ್ತಲ್ಲಿ ಮಗುವಿಗೆ ಅಂಟುತ್ತದೆ. ಹಾಗೆ ಅಂಟಿದ ಮಕ್ಕಳಲ್ಲಿ ಸುಮಾರು 90% ಜನರ ಮೈಯಲ್ಲಿ ಅದು ಉಳಿದುಬಿಡುತ್ತದೆ. ಎಷ್ಟೋ ಜನರಿಗೆ ಕಣ್ಣು ಹಳದಿಯಾಗುವುದೂ ಇಲ್ಲ. ದೊಡ್ಡವರಾದ ಮೇಲೆ ಅಂಟಿದರೆ ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ನಾಟಿ ಔಷಧಿಗೆ ಹೆಸರು ಬರುವುದೂ ಇಲ್ಲೇ ಅನ್ನಿಸುತ್ತದೆ: ಕಾಮಾಲೆ ತಾನಾಗಿ ಇಳಿದರೂ ಕೀರ್ತಿ ಸೊಪ್ಪಿಗೆ. ಸುಮ್ನೆ ನಗುವ ವಿಷಯವಲ್ಲ ಇದು. ನೆಲನೆಲ್ಲಿಯನ್ನು ಚೆನ್ನೈನ ಸಂಶೋಧಕರು ಪರೀಕ್ಷಿಸಿ 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 37 ಜನರಲ್ಲಿ 22 ಮಂದಿಯ ರಕ್ತದಿಂದ ಆಂಟಿಜೆನ್ ಮಾಯವಾಗಿತ್ತು. ಆ ಲೇಖನಕ್ಕೆ ಬ್ಲೂಮ್‌ಬರ್ಗ್ ಹೆಸರೂ ಇತ್ತು! ಆದರೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ.

ಇನ್ನು ಜೀನ್‌ಗಳ ಮಾತು. ಈ ವೈರಸ್ಸಿನ ಡಿಎನ್‌ಎ ಬರೀ 3,200 ಅಕ್ಷರದಷ್ಟು ಪುಟ್ಟದು. ಅದರ ತುಂಡುಗಳು ಲಿವರ್ ಜೀವಕೋಶದ ಡಿಎನ್‌ಎ ಒಳಗೇ ಸೇರಿಕೊಳ್ಳುತ್ತವೆ. ಟರ್ಟ್ ಎಂಬ ಜೀನ್ ಪಕ್ಕ ಸೇರಿದರೆ ಕಷ್ಟ. ಸಾಮಾನ್ಯವಾಗಿ ಸುಮ್ಮನಿರುವ ಆ ಜೀನ್ ಎಚ್ಚರವಾಗಿ, ಕೋಶ ಮುದಿಯಾಗದೆ ಒಡೆಯುತ್ತಲೇ ಹೋಗುತ್ತದೆ. ಅದಕ್ಕೇ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುವ ಮೊದಲೇ ಹೆಪಟೈಟಿಸ್ ಬಿ ಕ್ಯಾನ್ಸರ್ ತರಬಲ್ಲದು.

1991ರಲ್ಲಿ ಇನ್ನೊಂದು ಗುರುತು ಸಿಕ್ಕಿತು. ಚೀನಾ ಮತ್ತು ದಕ್ಷಿಣ ಆಫ್ರಿಕಾದ ಲಿವರ್ ಗೆಡ್ಡೆಗಳಲ್ಲಿ, ಕ್ಯಾನ್ಸರ್ ತಡೆಯುವ ಪಿ53 ಜೀನ್‌ನ 249ನೇ ಜಾಗದಲ್ಲೇ ಮತ್ತೆ ಮತ್ತೆ ಬದಲಾವಣೆ. ಕಳ್ಳ ಬಿಟ್ಟುಹೋದ ಬೆರಳಚ್ಚಿನ ಹಾಗೆ. ಆ ಕಳ್ಳ ಅಫ್ಲಾಟಾಕ್ಸಿನ್, ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಹುಟ್ಟುವ ವಿಷ. ವೈರಸ್ಸೂ ಇದ್ದು, ಈ ವಿಷವೂ ಸೇರಿದರೆ ಅಪಾಯ ಗುಣಿಸಿಕೊಂಡು ಏರುತ್ತದೆ. ಅರಸೀಕೆರೆ, ಕಡೂರು ಕಡೆಯವರು ಬೂಷ್ಟು ಹಿಡಿದ ಶೇಂಗಾವನ್ನು ‘ಹುರಿದರೆ ಸರಿಹೋಗುತ್ತೆ’ ಅಂದುಕೊಳ್ಳಬಾರದು. ಹುರಿದರೆ ಆ ವಿಷ ಪೂರ್ತಿ ಹೋಗುವುದಿಲ್ಲ.

ಇವೆಲ್ಲ ಗೆಡ್ಡೆಯೊಳಗಿನ ಬದಲಾವಣೆಗಳು. ಮಕ್ಕಳಿಗೆ ಇಳಿದು ಬರುವಂಥವಲ್ಲ. ಹುಟ್ಟಿನಿಂದ ಬರುವ ಗುರುತುಗಳೂ ಇವೆ. 2008ರಲ್ಲಿ ಗೊತ್ತಾದ, ಲಿವರ್‌ನಲ್ಲಿ ಕೊಬ್ಬು ಕೂಡಿಸುವ ಪಿಎನ್‌ಪಿಎಲ್‌ಎ3 ಜೀನ್‌ನ ರೂಪ ಅಂಥದ್ದು. ಆದರೆ ಹೆಪಟೈಟಿಸ್ ಬಿ ಮುಂದೆ ಅದರ ಜೋರು ಕಡಿಮೆ. ಕಾಫಿ ನಾಡಿನವರಿಗೆ ಒಂದು ಖುಷಿ: ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ 2016ರಲ್ಲಿ ಹೇಳಿದೆ. ಅದು ಹೆಪಟೈಟಿಸ್ ಬಿ ಲಸಿಕೆಗೆ ಬದಲಿಯಂತೂ ಅಲ್ಲ.

ಲಸಿಕೆ ಅಮೆರಿಕದಲ್ಲಿ 1981ರಲ್ಲೇ ಬಂತು. ತೈವಾನ್ 1984ರಲ್ಲಿ ಕೂಸುಗಳಿಗೆ ಹಾಕಲು ಶುರು ಮಾಡಿ, ಮಕ್ಕಳ ಲಿವರ್ ಕ್ಯಾನ್ಸರನ್ನು ಸುಮಾರು ಅರ್ಧಕ್ಕೆ ಇಳಿಸಿತು. ನಮ್ಮಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀ ಲಸಿಕೆ ತಂದ ಮೇಲೆ ಬೆಲೆ ಇಳಿಯಿತು. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ದೇಶದ ಉದ್ದಗಲಕ್ಕೂ ಸೇರಿದ್ದು 2011ರಲ್ಲಿ. ಈಗ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಹಾಕಬೇಕು. ಅಂದರೆ ಇವತ್ತು ತೋಟ, ಆಫೀಸು ನೋಡಿಕೊಳ್ಳುತ್ತಿರುವ ವಯಸ್ಸಿನ ಬಹಳಷ್ಟು ಜನರಿಗೆ ಕೂಸಾಗಿದ್ದಾಗ ಇದು ಸಿಕ್ಕಿಲ್ಲ.

2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಮನೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ತಾಯಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರೂ ಮಾಡಿಸಿಕೊಳ್ಳಬೇಕು. ವೈರಸ್ ಪೂರ್ತಿ ಹೋಗುವುದು ಅಪರೂಪ, ಆದರೆ ಬೇಕಾದವರಿಗೆ ಟೆನೋಫೊವಿರ್‌ನಂಥ ಮಾತ್ರೆ ಅದನ್ನು ಅದುಮಿ ಇಡುತ್ತದೆ. ಅಪಾಯ ಜಾಸ್ತಿ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕು. ಲಿವರ್ ಗೆಡ್ಡೆಯ ಸುಳಿವು ಹುಡುಕುವ ಎಎಫ್‌ಪಿ ರಕ್ತಪರೀಕ್ಷೆ ನಾರ್ಮಲ್ ಬಂತು ಅಂತ ಸ್ಕ್ಯಾನ್ ಬಿಡಬೇಡಿ. ಕೆಲವು ಗೆಡ್ಡೆಗಳು ಎಎಫ್‌ಪಿಯನ್ನು ಏರಿಸುವುದೇ ಇಲ್ಲ.