ಅರ್ಧ ಗಂಟೆಯ ನಾಟಕ ಲೆಕ್ಕಕ್ಕೆ ಯಾಕಿಲ್ಲ?

ಕನ್ನಡದಲ್ಲಿ ಹೊಸ ನಾಟಕಗಳೇ ಬರುತ್ತಿಲ್ಲ ಅನ್ನೋ ಗೊಣಗಾಟ ಯಾವ ರಂಗ ಸಂವಾದಕ್ಕೆ ಹೋದರೂ ಕೇಳುತ್ತದೆ. ಅದೇ ಸಂಜೆ ಯಾವುದೋ ಕಾಲೇಜಿನ ಸಭಾಂಗಣದಲ್ಲಿ, ಇಲ್ಲವೇ ಯಾವುದೋ ಹವ್ಯಾಸಿ ತಂಡದ ತಾಲೀಮಿನಲ್ಲಿ, ಇನ್ನೂ ಮೂವತ್ತು ತುಂಬದ ಯಾರೋ ಬರೆದ ಅರ್ಧ ಗಂಟೆಯ ನಾಟಕ ನಡೆಯುತ್ತಿರುತ್ತದೆ. ಅದು ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಎರಡು ಗಂಟೆ ಇದ್ದರೆ ಅದು ನಾಟಕ. ಅರ್ಧ ಗಂಟೆ ಇದ್ದರೆ ‘ಪ್ರಯತ್ನ ಚೆನ್ನಾಗಿದೆ’.

ಈ ತಾತ್ಸಾರ ವಿಚಿತ್ರವಾದದ್ದು. ಯಾಕೆಂದರೆ ನಮ್ಮ ಮನೆ, ನಮ್ಮ ಬೀದಿ, ನಮ್ಮ ಮಾತು ಕನ್ನಡ ರಂಗದ ಮೇಲೆ ಗಟ್ಟಿಯಾಗಿ ನಿಂತದ್ದು ಚಿಕ್ಕ ನಾಟಕಗಳಿಂದಲೇ.

ಇನ್ನೂ ಹಿಂದಕ್ಕೆ ಹೋಗಬೇಕು ಅಂದರೆ ಭಾಸನವರೆಗೂ ಹೋಗಬಹುದು. ಸಂಸ್ಕೃತದಲ್ಲಿ ಹೇಳುವ ಹತ್ತು ಬಗೆಯ ರೂಪಕಗಳಲ್ಲಿ, ಅಂದರೆ ನಾಟಕಗಳಲ್ಲಿ, ವ್ಯಾಯೋಗ, ಭಾಣದಂಥ ಕೆಲವು ಒಂದೇ ಅಂಕದವು. ಭಾಸನ ‘ಊರುಭಂಗ’ವನ್ನೇ ನೋಡಿ. ಮಹಾಭಾರತದ ಯುದ್ಧವೆಲ್ಲ ಮುಗಿದಿದೆ. ದುರ್ಯೋಧನನ ತೊಡೆ ಮುರಿದಿದೆ. ಅವನಿಗೆ ಉಳಿದಿರುವುದು ಸಾಯುವ ಮುಂಚಿನ ಸ್ವಲ್ಪ ಹೊತ್ತು ಮಾತ್ರ. ನಾಟಕಕಾರ ಆ ಸ್ವಲ್ಪ ಹೊತ್ತನ್ನೇ ಹಿಡಿದಿದ್ದಾನೆ. ಉಳಿದದ್ದನ್ನೆಲ್ಲ ನೋಡುವವರಿಗೆ ಗೊತ್ತಿದೆ ಅಂತ ಬಿಟ್ಟುಬಿಟ್ಟಿದ್ದಾನೆ. ಭಾಸನದು ಎನ್ನಲಾದ ಹದಿಮೂರು ನಾಟಕಗಳನ್ನು ಟಿ. ಗಣಪತಿ ಶಾಸ್ತ್ರಿಗಳು ತಿರುವನಂತಪುರದಲ್ಲಿ ಅಚ್ಚು ಹಾಕಿಸಲು ಶುರುಮಾಡಿದ್ದು 1912ರಲ್ಲಿ. ಅಂದರೆ ಈ ಹಳೆಯ ಚಿಕ್ಕ ನಾಟಕಗಳು ನಮ್ಮ ಕೈಗೆ ಮತ್ತೆ ಸಿಕ್ಕ ಕಾಲವೂ ಬೆಂಗಳೂರಿನಲ್ಲಿ ಹೊಸ ಚಿಕ್ಕ ನಾಟಕ ಕಣ್ಣು ಬಿಡುತ್ತಿದ್ದ ಕಾಲವೂ ಹೆಚ್ಚು ಕಡಿಮೆ ಒಂದೇ.

ಆಗ ಇಲ್ಲಿ ಕಂಪನಿ ನಾಟಕಗಳ ದರ್ಬಾರು. ಗುಬ್ಬಿ ಕಂಪನಿ 1884ರಲ್ಲೇ ಶುರುವಾಗಿತ್ತು. ಪುರಾಣದ ಕಥೆ, ಹಾಡಿನ ಮೇಲೆ ಹಾಡು, ಬಣ್ಣದ ಪರದೆಗಳು, ಮಧ್ಯೆ ಹಾಸ್ಯ, ‘ಒನ್ಸ್ ಮೋರ್’ ಬಿದ್ದರೆ ಮತ್ತೆ ಅದೇ ಹಾಡು. ರಾತ್ರಿ ಕೂತರೆ ಏಳುವುದು ಯಾವಾಗಲೋ. ಇದೆಲ್ಲಕ್ಕೂ ದುಡ್ಡು ಬೇಕು, ಪೂರ್ತಿ ಹೊತ್ತಿನ ನಟರು ಬೇಕು. ಬೆಳಗ್ಗೆ ಆಫೀಸಿಗೆ ಹೋಗುವ ಗುಮಾಸ್ತನಿಗೆ, ಕಾಲೇಜು ಹುಡುಗನಿಗೆ ಅದು ಆಗುವ ಕೆಲಸವಲ್ಲ. ಆದರೆ ಅವರಿಗೂ ನಾಟಕ ಆಡಬೇಕು ಅನ್ನೋ ಹುಚ್ಚು ಇತ್ತು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಇಂಥವರದೇ ಕೂಟ.

ಇವರಿಗೆ ಬೇಕಾಗಿದ್ದ ನಾಟಕ ಬರೆದುಕೊಟ್ಟವರು ಟಿ.ಪಿ. ಕೈಲಾಸಂ. ‘ಬರೆದು’ ಅನ್ನುವುದು ಪೂರ್ತಿ ಸರಿಯಲ್ಲ. ಅವರು ನಾಟಕವನ್ನು ತಲೆಯಲ್ಲೇ ಕಟ್ಟಿಕೊಂಡು ಸ್ನೇಹಿತರ ಮುಂದೆ ಹೇಳುತ್ತಿದ್ದರು, ಇನ್ಯಾರೋ ಬರೆದುಕೊಳ್ಳುತ್ತಿದ್ದರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಈ ಮನುಷ್ಯ ರಂಗದ ಮೇಲಿಂದ ರಾಜ, ರಾಣಿ, ಹಾರ್ಮೋನಿಯಂ ಎಲ್ಲವನ್ನೂ ಇಳಿಸಿ ಒಂದು ಸಾಮಾನ್ಯ ಮನೆಯ ಹಜಾರವನ್ನು ತಂದಿಟ್ಟರು. ಅಲ್ಲಿ ಜನ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಮಾತಾಡುವ ಹಾಗೆಯೇ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದರು. ‘ಟೊಳ್ಳುಗಟ್ಟಿ’ಯಲ್ಲಿ ಇರುವುದು ಇಬ್ಬರು ಹುಡುಗರು. ಒಬ್ಬ ಓದಿನಲ್ಲಿ ಮುಂದು, ಇನ್ನೊಬ್ಬ ಮನೆಯವರ ಕಷ್ಟಕ್ಕೆ ಮುಂದು. ಯಾರು ಟೊಳ್ಳು, ಯಾರು ಗಟ್ಟಿ? ನಾಟಕದ ವಿಷಯ ಅಷ್ಟೇ. ‘ತಾಳಿ ಕಟ್ಟೋಕ್ಕೂಲಿನೇ’ ವರದಕ್ಷಿಣೆಯ ಮೇಲೆ ಹಾಕಿದ ಪ್ರಶ್ನೆ, ಹೆಸರಿನಲ್ಲೇ ಬೈಗುಳವಿದೆ.

ಇವು ಚಿಕ್ಕದಾಗಿದ್ದದ್ದು ಬಡತನದಿಂದಲ್ಲ. ನೋಡುವವರಿಗೆ ಈ ಮನೆ ಗೊತ್ತು, ಈ ಅಪ್ಪ ಗೊತ್ತು, ಈ ಲಾಯರು ಗೊತ್ತು. ಪರಿಚಯ ಮಾಡಿಕೊಡುವ ಕೆಲಸವೇ ಇಲ್ಲ. ಬಾಗಿಲು ತೆಗೆದ ಕೂಡಲೇ ಜಗಳ ಶುರುಮಾಡಬಹುದು. ಇವತ್ತಿಗೂ ಒಳ್ಳೆಯ ಕಿರುನಾಟಕ ಗೆಲ್ಲುವುದು ಇದೇ ಜಾಗದಲ್ಲಿ. ಸೋಲುವವು ಸಾಮಾನ್ಯವಾಗಿ ಮೊದಲ ಹತ್ತು ನಿಮಿಷವನ್ನು ‘ನಾನು ನಿನ್ನ ಅಣ್ಣ, ನಮ್ಮಪ್ಪ ತೀರಿಕೊಂಡು ಐದು ವರ್ಷ ಆಯ್ತು’ ಅನ್ನುವಂಥ ಮಾತಿನಲ್ಲಿ ಕಳೆದುಬಿಡುತ್ತವೆ. ಅಣ್ಣತಮ್ಮಂದಿರು ಯಾರಾದರೂ ಹಾಗೆ ಮಾತಾಡುತ್ತಾರಾ?

ಧಾರವಾಡದ ಕಡೆ ಇದೇ ಕೆಲಸ ಬೇರೆ ರುಚಿಯಲ್ಲಿ ನಡೆಯಿತು. ದ.ರಾ. ಬೇಂದ್ರೆ ಅಂದರೆ ಎಲ್ಲರಿಗೂ ಕವಿತೆಯೇ ನೆನಪು, ಆದರೆ ‘ಸಾಯೋ ಆಟ’, ‘ದೆವ್ವದ ಮನೆ’, ‘ಜಾತ್ರೆ’ಯಂಥ ಚಿಕ್ಕ ನಾಟಕಗಳೂ ಅವರವೇ. ಶ್ರೀರಂಗರಂತೂ ಅರವತ್ತಕ್ಕೂ ಜಾಸ್ತಿ ಏಕಾಂಕಗಳನ್ನು ಬರೆದರು. ಅವರು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಮೇಷ್ಟ್ರು, ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದವರು. ಅಷ್ಟು ಓದಿದ್ದ ಮನುಷ್ಯ ಏಕಾಂಕವನ್ನು ಕೀಳು ಅಂದುಕೊಳ್ಳಲಿಲ್ಲ ಅನ್ನೋದು ಗಮನಿಸಬೇಕಾದ ಮಾತು. ಇತ್ತ ಮೈಸೂರಿನಲ್ಲಿ ಕುವೆಂಪು 1928ರಲ್ಲಿ ‘ಜಲಗಾರ’ ತಂದರು. ಊರೆಲ್ಲ ಶಿವನ ಗುಡಿಗೆ ಹೋಗುತ್ತದೆ, ಬೀದಿ ಗುಡಿಸುವ ಜಲಗಾರ ಹಿಂದೆ ಉಳಿಯುತ್ತಾನೆ. ಶಿವ ಅವನ ಹತ್ತಿರವೇ ಬರುತ್ತಾನೆ, ಅದೂ ಜಲಗಾರನ ವೇಷದಲ್ಲಿ. ಕಥೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಗುಡಿಗೆ ಯಾರು ಹೋಗಬಹುದು, ಯಾರು ಹೋಗಬಾರದು ಎಂಬ ಜಗಳ ಇನ್ನೂ ಮುಗಿಯದ ನಾಡಿನಲ್ಲಿ ಆ ಎರಡು ಸಾಲು ಸಾಕಾಗುತ್ತದೆ.

ಆಮೇಲೆ ರೇಡಿಯೊ ಬಂತು. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದರು, 1950ರಲ್ಲಿ ಧಾರವಾಡ ಕೇಂದ್ರ ಬಂತು. ಅಲ್ಲಿ ಎನ್ಕೆ (ಎನ್.ಕೆ. ಕುಲಕರ್ಣಿ) ಅವರಂಥವರು ರೇಡಿಯೊ ನಾಟಕವನ್ನೇ ಒಂದು ಕಸುಬಾಗಿ ಬೆಳೆಸಿದರು. ರೇಡಿಯೊದಲ್ಲಿ ಗಡಿಯಾರವೇ ಯಜಮಾನ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ. ಲೇಖಕರು ಹಿಡಿತ ಕಲಿತದ್ದು ಇಲ್ಲಿ. ಆದರೆ ಪ್ರಸಾರವಾದ ರಾತ್ರಿಯೇ ಎಷ್ಟೋ ನಾಟಕಗಳ ಆಯುಷ್ಯ ಮುಗಿಯಿತು. ಅಚ್ಚಾಗಲಿಲ್ಲ, ವಿಮರ್ಶೆಯೂ ಬರಲಿಲ್ಲ. ನನ್ನ ಪ್ರಕಾರ ಚಿಕ್ಕ ನಾಟಕ ಅಂದರೆ ಆಡಿ ಮರೆಯುವಂಥದ್ದು ಅನ್ನುವ ಅಭ್ಯಾಸ ನಮಗೆ ಅಂಟಿಕೊಂಡದ್ದು ಹೀಗೆ.

ಅರವತ್ತು, ಎಪ್ಪತ್ತರ ದಶಕದಲ್ಲಿ ಮಾತ್ರ ಚಿಕ್ಕ ನಾಟಕಕ್ಕೆ ಸ್ವಲ್ಪ ಗತ್ತು ಬಂತು. ಪಿ. ಲಂಕೇಶರ ‘ತೆರೆಗಳು’, ‘ಪೊಲೀಸರಿದ್ದಾರೆ ಎಚ್ಚರಿಕೆ’, ಚಂದ್ರಶೇಖರ ಪಾಟೀಲರ ‘ಕೊಡೆಗಳು’, ‘ಅಪ್ಪ’. ಇವರಿಗೆ ಕೈಲಾಸಂ ಹಜಾರ ಬೇಡವಾಗಿತ್ತು. ಇವರ ಪಾತ್ರಗಳಿಗೆ ಊರು, ಮನೆತನದ ವಿವರ ಕಡಿಮೆ, ಸಿಟ್ಟು ಮತ್ತು ಒಂಟಿತನ ಜಾಸ್ತಿ. ಅಸಂಗತ ನಾಟಕ, ಅಂದರೆ ಬದುಕಿನ ಅರ್ಥಹೀನತೆಯನ್ನು ತೋರಿಸುವ ‘ಅಬ್ಸರ್ಡ್’ ನಾಟಕ ಅಂತ ಇವಕ್ಕೆ ಹಣೆಪಟ್ಟಿ ಬಿತ್ತು. ಓದಿದವರಿಗೆ ಇಷ್ಟವಾದವು, ಪತ್ರಿಕೆಗಳಲ್ಲಿ ಚರ್ಚೆ ಆಯಿತು. ಆದರೆ ಇದೇ ಹೊತ್ತಿನಲ್ಲಿ ‘ತುಘಲಕ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ಯಂಥ ದೊಡ್ಡ ನಾಟಕಗಳೂ ಬಂದವು. ಬಿ.ವಿ. ಕಾರಂತರಂಥ ನಿರ್ದೇಶಕರಿಗೆ ಆಡಲು ಅಷ್ಟು ದೊಡ್ಡ ಅಂಗಳ ಸಿಕ್ಕಮೇಲೆ ಅರ್ಧ ಗಂಟೆಯ ನಾಟಕ ಮತ್ತೆ ಮೂಲೆಗೆ ಸರಿಯಿತು. ಮುಂದೆ ಊರೂರು ಸುತ್ತಿ ನಾಟಕ ಆಡುವ ನೀನಾಸಂ ತಿರುಗಾಟ, ಮೈಸೂರಿನ ರಂಗಾಯಣ ತಂಡ ಬಂದಾಗಲೂ ಪೂರ್ತಿ ಸಂಜೆಯ ನಾಟಕಕ್ಕೇ ಮಣೆ. ತಪ್ಪೇನಿಲ್ಲ. ಒಂದು ಊರಿಗೆ ಲಾರಿ ತುಂಬ ಸಾಮಾನು ತಂದು ಮೂವತ್ತು ನಿಮಿಷ ಆಡಿ ಹೋಗಲು ಆಗುತ್ತದಾ?

ಲಾರಿಯೇ ಬೇಡ ಅಂದವರು ಬೀದಿನಾಟಕದವರು. ‘ಸಮುದಾಯ’ ರಂಗತಂಡ ಹುಟ್ಟಿದ್ದು 1975ರಲ್ಲಿ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಬೆಂಕಿಗೆ ಹಾಕಿ ಕೊಂದ ಸುದ್ದಿ ಬಂದ ಮೇಲೆ ಸಿ.ಜಿ. ಕೃಷ್ಣಸ್ವಾಮಿ ‘ಬೆಲ್ಚಿ’ಯನ್ನು ಬೀದಿಗೆ ತಂದರು. ಬೆಳಕಿಲ್ಲ, ಪರದೆಯಿಲ್ಲ, ಸುತ್ತ ನಿಂತ ಜನರೇ ಗೋಡೆ. ಇಲ್ಲಿ ಚಿಕ್ಕದಾಗಿರುವುದೇ ಬಲ. ನಿಂತು ನೋಡುವ ಕೂಲಿಯವನು ಎಷ್ಟು ಹೊತ್ತು ನಿಂತಾನು? ಪೊಲೀಸರು ಬರುವ ಮುಂಚೆ ಮುಗಿಸಬೇಕಾದ ದಿನಗಳೂ ಇದ್ದವು.

ಬೀದಿನಾಟಕಕ್ಕೆ ಆಮೇಲೆ ಆದದ್ದು ಮಾತ್ರ ಬೇಸರದ ಕಥೆ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅದು ಹಳ್ಳಿ ಹಳ್ಳಿಗೆ ಹೋಯಿತು, ಒಳ್ಳೆಯ ಕೆಲಸವನ್ನೇ ಮಾಡಿತು. ಅಲ್ಲಿಂದ ಅದು ಇಲಾಖೆಗಳ ಕೈಗೆ ಸಿಕ್ಕಿತು. ಶೌಚಾಲಯ ಕಟ್ಟಿಸಿ, ಲಸಿಕೆ ಹಾಕಿಸಿ, ಯೋಜನೆಯ ಲಾಭ ಪಡೆಯಿರಿ. ಸರ್ಕಾರವನ್ನು ಕೇಳಬೇಕಿದ್ದ ಕಲೆ ಸರ್ಕಾರದ ಕರಪತ್ರವಾಯಿತು. ಇವತ್ತು ಎಷ್ಟೋ ಹೊಸ ಕಿರುನಾಟಕಗಳು ಕೊನೆಯಲ್ಲಿ ನಟರನ್ನು ಸಾಲಾಗಿ ನಿಲ್ಲಿಸಿ ಸಂದೇಶ ಹೇಳಿಸುತ್ತವಲ್ಲ, ಆ ಚಾಳಿ ಬಂದದ್ದು ಬಹುಪಾಲು ಇಲ್ಲಿಂದಲೇ ಅಂತ ನನಗೆ ಅನಿಸುತ್ತದೆ.

ಇನ್ನು ಉಳಿದದ್ದು ಯುವಜನೋತ್ಸವ. ವಿಶ್ವವಿದ್ಯಾಲಯಗಳ ಸ್ಪರ್ಧೆಯಲ್ಲಿ ಏಕಾಂಕಕ್ಕೆ 30 ನಿಮಿಷ, ಪ್ರಹಸನಕ್ಕೆ 10 ನಿಮಿಷ. ಕರ್ನಾಟಕದಲ್ಲಿ ಇವತ್ತು ಹೊಸದಾಗಿ ಬರೆಯುವವರ ದೊಡ್ಡ ಶಾಲೆ ಇದೇ. ಪಕ್ಕದ ಮರಾಠಿಯಲ್ಲೂ ಹೀಗೇ. ಪುಣೆಯಲ್ಲಿ 1963ರಿಂದ ಪುರುಷೋತ್ತಮ ಕರಂಡಕ ಅನ್ನುವ ಕಾಲೇಜು ಏಕಾಂಕ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ಗೆದ್ದ ತಂಡದ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಮುಖ್ಯ ನಾಟಕಕಾರರಾದ ಸತೀಶ ಆಳೇಕರ್ ಕೂಡ ಏಕಾಂಕದಿಂದಲೇ ಶುರುಮಾಡಿದವರು. ನಮ್ಮಲ್ಲಿ ಬಹುಮಾನ ಬಂದ ಏಕಾಂಕ ಕಾಲೇಜಿನ ಕಪಾಟಿಗೆ ಒಂದು ಕಪ್ ತರುತ್ತದೆ, ಅಲ್ಲಿಗೆ ಮುಗಿಯಿತು. ಬರೆದವರು ಡಿಗ್ರಿ ಮುಗಿಸಿ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಇಲ್ಲವೇ ಸೀರಿಯಲ್ಲಿಗೆ ಸಂಭಾಷಣೆ ಬರೆಯುತ್ತಾರೆ.

ಹೊರನಾಡಿನ ಕನ್ನಡ ಕೂಟಗಳಿಗೂ ಯುಗಾದಿ, ದೀಪಾವಳಿಗೆ ಇಪ್ಪತ್ತು ನಿಮಿಷದ ನಾಟಕ ಬೇಕು. ‘ಸ್ವಲ್ಪ ಹಾಸ್ಯ ಇರಲಿ’ ಅನ್ನೋ ಬೇಡಿಕೆಯೂ ಜತೆಗೇ ಬರುತ್ತದೆ. ಅಲ್ಲಿನವರೇ ವೀಸಾ, ಮಕ್ಕಳ ಕನ್ನಡ, ಊರಲ್ಲಿ ಒಂಟಿಯಾದ ಅಪ್ಪ ಅಮ್ಮ ಅಂತ ಬರೆದುಕೊಳ್ಳುತ್ತಾರೆ. ಅವನ್ನು ಯಾರೂ ಕನ್ನಡ ನಾಟಕದ ಲೆಕ್ಕಕ್ಕೆ ಹಾಕಿಕೊಳ್ಳುವುದಿಲ್ಲ.

ಹತ್ತು ನಿಮಿಷದ ನಾಟಕ ಅಂತ ಇನ್ನೊಂದು ಗಾಳಿ ಹೊರಗಿಂದ ಬಂದಿದೆ. 2002ರಲ್ಲಿ ಸಿಡ್ನಿಯಲ್ಲಿ ಶುರುವಾದ ಶಾರ್ಟ್ ಅಂಡ್ ಸ್ವೀಟ್ ಉತ್ಸವ ಚೆನ್ನೈ, ಬೆಂಗಳೂರಿನವರೆಗೂ ಬಂತು. ಹೆಚ್ಚಿನವು ಇಂಗ್ಲಿಷಿನವು. ಹತ್ತು ನಿಮಿಷದಲ್ಲಿ ಜೋಕು ಹೇಳಿ ಕೊನೆಗೊಂದು ತಿರುವು ಕೊಡುವುದು ಸುಲಭ, ಅದೇ ಅದರ ಅಪಾಯ. ತಿರುವು ಗೊತ್ತಾದ ಮೇಲೆ ಎರಡನೇ ಸಲ ನೋಡುವಂತಿದ್ದರೆ ಅದು ನಾಟಕ. ಇಲ್ಲದಿದ್ದರೆ ಸುಮ್ನೆ ಒಂದು ಚಮತ್ಕಾರ.

ಈ ಪರೀಕ್ಷೆಯಲ್ಲಿ ಗೆದ್ದ ನಾಟಕ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. ಬೆಂಗಳೂರಿನಲ್ಲಿ 2004ರಲ್ಲಿ ರಂಗಶಂಕರ ಅನ್ನುವ ರಂಗಮಂದಿರ ತೆರೆದ ಸ್ವಲ್ಪದರಲ್ಲೇ ಬಂದದ್ದು. ಸುಮಾರು ಒಂದು ಗಂಟೆ, ಒಬ್ಬಳೇ ನಟಿ, ಒಂದು ಟಿವಿ ಪರದೆ. ಕನ್ನಡದ ಕಥೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯಿಂದ ಹೆಸರು ದುಡ್ಡು ಎರಡೂ ಮಾಡಿದ್ದಾಳೆ. ಟಿವಿಯಲ್ಲಿ ಭಾಷಣ ಮುಗಿಸಿ ಏಳುತ್ತಾಳೆ, ಪರದೆಯ ಮೇಲಿನ ಅವಳ ಮುಖ ಮಾತ್ರ ಹೋಗುವುದಿಲ್ಲ. ಅದು ಅವಳನ್ನೇ ಪ್ರಶ್ನೆ ಕೇಳಲು ಶುರುಮಾಡುತ್ತದೆ. ನಿಜವಾಗಿ ಕಾದಂಬರಿ ಬರೆದದ್ದು ಯಾರು ಅನ್ನುವುದು ಗೊತ್ತಾದ ಮೇಲೂ ನಾಟಕ ಹಳಸುವುದಿಲ್ಲ, ಯಾಕೆಂದರೆ ಒಬ್ಬಳು ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿನ ಬಗೆಗಳೇ ಅದರ ವಸ್ತು. ‘ತುಘಲಕ್’ ಬರೆದವರು ಅರವತ್ತೈದು ದಾಟಿದ ಮೇಲೆ ಒಬ್ಬ ನಟಿಯ ನಾಟಕಕ್ಕೆ ಬಂದರು. ಚಿಕ್ಕ ನಾಟಕ ಕಲಿಯುವವರ ಮೆಟ್ಟಿಲು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈಚಿನವರಲ್ಲಿ ದು. ಸರಸ್ವತಿ ‘ಸಣ್ತಿಮ್ಮಿ ರಾಮಾಯಣ’ವನ್ನು ಒಬ್ಬರೇ ಆಡುತ್ತಾರೆ. ಹಳ್ಳಿಯ ಹೆಂಗಸಿನ ಬಾಯಲ್ಲಿ ಸೀತೆಯ ಕಥೆ ನಗು, ಕುಟುಕು ಎಲ್ಲ ಸೇರಿ ಬರುತ್ತದೆ. ಶರಣ್ಯಾ ರಾಮಪ್ರಕಾಶರ ‘ಅಕ್ಷಯಾಂಬರ’ದಲ್ಲಿ ರಂಗದ ಮೇಲೆ ಇಬ್ಬರೇ. ಯಕ್ಷಗಾನದಲ್ಲಿ ಹೆಣ್ಣು ವೇಷ ಕಟ್ಟುವ ಗಂಡಸು, ಗಂಡು ವೇಷಕ್ಕೆ ಬರುವ ಹೆಂಗಸು ಎದುರು ಬದುರಾಗುತ್ತಾರೆ. ಇವೆರಡೂ ಅರ್ಧ ಗಂಟೆಯ ಏಕಾಂಕಗಳಲ್ಲ, ಆದರೆ ಕಿರುನಾಟಕದ ಮುಖ್ಯ ಗುಣ ಇವಕ್ಕಿದೆ. ಕಡಿಮೆ ಜನ, ಕಡಿಮೆ ಸಾಮಾನು, ನಡುವೆ ಒಂದೇ ಗಟ್ಟಿ ಪ್ರಶ್ನೆ.

ಹೊಸಬರ ಅರ್ಧ ಗಂಟೆಯ ನಾಟಕಗಳಿಗೆ ಬೇಕಾಗಿರುವುದು ಚಪ್ಪಾಳೆಗಿಂತ ಎರಡನೇ ಪ್ರದರ್ಶನ. ನಲವತ್ತು ನಿಮಿಷಕ್ಕೆ ಟಿಕೆಟ್ ಇಟ್ಟರೆ ಪ್ರೇಕ್ಷಕರು ಮುಖ ಸಿಂಡರಿಸುತ್ತಾರೆ, ಸಭಾಂಗಣದ ಬಾಡಿಗೆ ಮಾತ್ರ ಪೂರ್ತಿ ಸಂಜೆಯದೇ. ಎರಡು ಮೂರು ತಂಡಗಳು ಸೇರಿ ಒಂದು ಸಂಜೆ ಹಂಚಿಕೊಂಡರೆ ಖರ್ಚೂ ಇಳಿಯುತ್ತದೆ, ಒಂದನ್ನು ನೋಡಲು ಬಂದವರು ಇನ್ನೆರಡನ್ನೂ ನೋಡುತ್ತಾರೆ. ಆಡಿದ ಪಠ್ಯವನ್ನು ಅಚ್ಚು ಹಾಕುವವರೂ ಬೇಕು. 1933ರಲ್ಲಿ ಜಿ.ಬಿ. ಜೋಶಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದರಿಂದ ಆಮೇಲಿನ ಎಷ್ಟೋ ನಾಟಕಗಳು ಇವತ್ತು ಓದಲು ಸಿಗುತ್ತಿವೆ. ಯುವಜನೋತ್ಸವದಲ್ಲಿ ಬಹುಮಾನ ಪಡೆದ ಏಕಾಂಕಗಳನ್ನಾದರೂ ವಿಶ್ವವಿದ್ಯಾಲಯಗಳ ಪುಸ್ತಕ ಪ್ರಕಟಿಸುವ ವಿಭಾಗಗಳಾದ ಪ್ರಸಾರಾಂಗಗಳು ವರ್ಷಕ್ಕೊಂದು ಪುಸ್ತಕ ಮಾಡಬಹುದು. ಪ್ರಸಾರಾಂಗಗಳು ಇದ್ದೇ ಇವೆ, ಪ್ರತಿ ವರ್ಷ ಸ್ಪರ್ಧೆಯೂ ನಡೆದೇ ನಡೆಯುತ್ತದೆ. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ, ಅಷ್ಟೆ.