ಗೀಟು ಎಳೆಯುವ ತೀರ್ಪಿನಿಂದ ಅಂಕ ಕಟ್ಟುವ ತೀರ್ಪಿಗೆ: ವಿಂಟರ್ ಗಾರ್ಡ್ ಬದಲಾದ ಬಗೆ

ಅಮೆರಿಕದ ಹೈಸ್ಕೂಲುಗಳಲ್ಲಿ ಮಾರ್ಚಿಂಗ್ ಬ್ಯಾಂಡಿನ ಜೊತೆ ಬಾವುಟ ಬೀಸುವ ತಂಡಕ್ಕೆ ಕಲರ್ ಗಾರ್ಡ್ ಎನ್ನುತ್ತಾರೆ. ಚಳಿಗಾಲದಲ್ಲಿ ಅದೇ ಕಲೆ ಬ್ಯಾಂಡನ್ನು ಬಿಟ್ಟು, ಧ್ವನಿಮುದ್ರಿತ ಸಂಗೀತದೊಂದಿಗೆ ಜಿಮ್ ಒಳಗೆ ಬಂದರೆ ಅದು ವಿಂಟರ್ ಗಾರ್ಡ್. ಮುಖ್ಯ ಸಲಕರಣೆ ಮೂರು: ಬಾವುಟ, ಮರದ ರೈಫಲ್, ಮೊಂಡು ಅಲಗಿನ ಸೇಬರ್ ಕತ್ತಿ. ಮೂರಕ್ಕೂ ಮೂಲ ಸೈನ್ಯವೇ. ಮಾಜಿ ಸೈನಿಕರ ಸಂಘಗಳು ಪೋಷಿಸಿದ, ಡ್ರಮ್ಮು-ಕಹಳೆಗಳ ಮೆರವಣಿಗೆ ತಂಡಗಳಾದ ಡ್ರಮ್ ಕೋರ್‌ಗಳಲ್ಲಿ ಕಲರ್ ಗಾರ್ಡ್ ಎಂದರೆ ರಾಷ್ಟ್ರಧ್ವಜದ ಕಾವಲು ಪಡೆ.

ತೀರ್ಪೂ ಸೈನ್ಯದ ತಪಾಸಣೆಯಂತೆಯೇ ಇತ್ತು. ಕೋಲಿನ ಕೋನ ಪಕ್ಕದವರಿಗಿಂತ ತುಸು ವಾಲಿದರೆ, ಹೆಜ್ಜೆ ತಪ್ಪಿದರೆ ತೀರ್ಪುಗಾರ ಹಾಳೆಯ ಮೇಲೆ ಒಂದು ಗೀಟು ಎಳೆಯುತ್ತಿದ್ದ. ಅದಕ್ಕೆ 'ಟಿಕ್' ಎಂದು ಹೆಸರು. ಒಂದು ಟಿಕ್‌ಗೆ 0.1 ಅಂಕ ಖೋತಾ. ಸಲಕರಣೆಯನ್ನು ಗಾಳಿಯಲ್ಲಿ ತಿರುಗುವಂತೆ ಎಸೆದು ಹಿಡಿಯುವುದಕ್ಕೆ ಟಾಸ್ ಎನ್ನುತ್ತಾರೆ. ಈ ಲೆಕ್ಕದಲ್ಲಿ ಎರಡು ಸುತ್ತಿನ ಟಾಸನ್ನು ಚೊಕ್ಕವಾಗಿ ಹಿಡಿದವರಿಗೂ ಆರು ಸುತ್ತಿನದನ್ನು ಹಿಡಿದವರಿಗೂ ಕಳೆಯುವುದು ಸೊನ್ನೆಯೇ. ಹಾಗಿದ್ದ ಮೇಲೆ ಆರಕ್ಕೆ ಕೈ ಹಾಕುವವರು ಯಾರು? ಎಲ್ಲರೂ ಒಟ್ಟಿಗೆ ಮಾಡುವ, ಕಡಿಮೆ ಅಪಾಯದ ಕೆಲಸವೇ ಜಾಣತನವಾಗಿತ್ತು.

1977ರಲ್ಲಿ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ (ಡಬ್ಲ್ಯುಜಿಐ) ಎಂಬ ಸಂಸ್ಥೆ ಹುಟ್ಟಿತು. ಊರಿಗೊಂದು ನಿಯಮವಿದ್ದ ಕಡೆ ಒಂದೇ ನಿಯಮಾವಳಿ ಬಂತು. ಮುಂದಿನ ವರ್ಷಗಳಲ್ಲಿ ಅಂಕ ಕಳೆಯುವುದು ಹೋಗಿ, ಸೊನ್ನೆಯಿಂದ ಕಟ್ಟುತ್ತ ಹೋಗುವ ಪದ್ಧತಿ ನೆಲೆಯಾಯಿತು. ಬೇಸಿಗೆಯ ಡ್ರಮ್ ಕೋರ್ ಸ್ಪರ್ಧೆಗಳೂ 1984ರ ಹೊತ್ತಿಗೆ ಟಿಕ್ ಕೈಬಿಟ್ಟವು. ಶೈಲಿ ಬದಲಾಗಲು ದೊಡ್ಡ ಕಾರಣ ಇದೇ. ಹಾಳೆ ಏನನ್ನು ಕೇಳುತ್ತದೋ ತರಬೇತುದಾರರು ಅದನ್ನೇ ಕಲಿಸುತ್ತಾರೆ.

ಇಂದಿನ ಹಾಳೆಯಲ್ಲಿ ನೂರು ಅಂಕ. ಸಲಕರಣೆಗೆ 20, ದೇಹಚಲನೆಗೆ 20, ವಿನ್ಯಾಸಕ್ಕೆ 20. ಉಳಿದ 40 ಒಟ್ಟು ಪರಿಣಾಮಕ್ಕೆ, ಅದನ್ನು ಇಬ್ಬರು ತೀರ್ಪುಗಾರರು ಹಂಚಿಕೊಳ್ಳುತ್ತಾರೆ. ಸಲಕರಣೆ ಮತ್ತು ಚಲನೆಯ 20ರಲ್ಲಿ ಅರ್ಧ ಏನು ಮಾಡಿದರು ಎಂಬುದಕ್ಕೆ, ಅರ್ಧ ಹೇಗೆ ಮಾಡಿದರು ಎಂಬುದಕ್ಕೆ. ಕೆಳಗಿನಿಂದ ಮೇಲಕ್ಕೆ ಎ, ಓಪನ್, ವರ್ಲ್ಡ್ ಎಂಬ ಮೂರು ದರ್ಜೆಗಳಿಗೆ ಅಳತೆಗೋಲೇ ಬೇರೆ. ಎ ದರ್ಜೆಯ 90ನ್ನು ವರ್ಲ್ಡ್ ದರ್ಜೆಯ 90ರ ಪಕ್ಕ ಇಟ್ಟು ನೋಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಒಂದು ರೈಫಲ್ ಟಾಸನ್ನೇ ಹತ್ತಿರದಿಂದ ನೋಡಿ. ಎತ್ತರಕ್ಕೂ ಸುತ್ತಿನ ವೇಗಕ್ಕೂ ತಾಳೆಯಾಗಬೇಕು. ಮಂಡಿ ಬಗ್ಗಿಸಿ ಏಳುವ ಬಲ ಎತ್ತರ ಕೊಡುತ್ತದೆ, ಕೈಯ ತಳ್ಳು ಸುತ್ತು ಕೊಡುತ್ತದೆ. ತಳ್ಳು ಹೆಚ್ಚಾದರೆ ಕೈಗೆ ಬರುವಾಗ ರೈಫಲ್ ಅರ್ಧ ಸುತ್ತು ಮುಂದೆ ಹೋಗಿರುತ್ತದೆ. ಎತ್ತರ ಸಾಲದಿದ್ದರೆ ಅರ್ಧ ಸುತ್ತು ಬಾಕಿ ಉಳಿದಿರುತ್ತದೆ. ಎರಡು ಕೈಗಳ ಬಲ ಬೇರೆ ಬೇರೆ ದಿಕ್ಕಿಗೆ ಎಳೆದರೆ ಅದು ತಿರುಗುವ ಪಾತಳಿಯೇ ಓರೆಯಾಗಿ, ಹಿಡಿಯಲು ಪಾದ ಜಾಗ ಬಿಡಬೇಕಾಗುತ್ತದೆ. ಹಳೆಯ ತೀರ್ಪುಗಾರನಿಗೆ ಇಷ್ಟು ಸಾಕಿತ್ತು. ಇಂದಿನವರು ರೈಫಲ್ ಗಾಳಿಯಲ್ಲಿರುವಾಗ ಕೆಳಗಿನ ದೇಹ ಏನು ಮಾಡಿತು ಎಂದೂ ನೋಡುತ್ತಾರೆ: ನಿಂತು ಕಾದರೇ, ತಿರುಗಿದರೇ, ನೆಲಕ್ಕೆ ಉರುಳಿ ಎದ್ದು ಹಿಡಿದರೇ? ಮಾಡರ್ನ್, ಜಾಝ್ ನೃತ್ಯಗಳು ಗಾರ್ಡ್‌ನೊಳಗೆ ಗಟ್ಟಿಯಾಗಿ ಕಾಲೂರಿದ್ದು ಈ ಪ್ರಶ್ನೆಯ ಬಲದಿಂದ. ಬರಿಯ ಜಿಮ್ ನೆಲದ ಮೇಲೆ ಬಣ್ಣ ಬಳಿದ ದೊಡ್ಡ ಟಾರ್ಪಾಲು ಬಂದದ್ದು, ಸಮವಸ್ತ್ರ ಹೋಗಿ ವೇಷಭೂಷಣ ಬಂದದ್ದು ವಿನ್ಯಾಸ ಮತ್ತು ಪರಿಣಾಮದ ಅಂಕಗಳ ಬೆನ್ನಿಗೆ.

ಸಲಕರಣೆ ಮೂಲೆಗೆ ಬಿತ್ತು, ಉಳಿದದ್ದು ನೃತ್ಯ ಮಾತ್ರ ಎಂಬ ದೂರು ಹಳಬರಲ್ಲಿ ಇನ್ನೂ ಇದೆ. ಬಾವುಟ ಕೆಳಗಿಟ್ಟು ನಿಮಿಷಗಟ್ಟಲೆ ಕುಣಿಯುವ ಪ್ರದರ್ಶನಗಳಿಗೆ ಆ ಮಾತು ಸಲ್ಲುತ್ತದೆ. ಆದರೆ ಒಳ್ಳೆಯ ವರ್ಲ್ಡ್ ದರ್ಜೆಯ ತಂಡಗಳಲ್ಲಿ ಬೀಸು ಮತ್ತು ಹೆಜ್ಜೆ ಒಂದೇ ಉಸಿರಿನಲ್ಲಿ ನಡೆಯುತ್ತವೆ. ಅದು ಹಳೆಯ ಕಾಲದ ಕೆಲಸಕ್ಕಿಂತ ಎಷ್ಟೋ ಕಷ್ಟದ್ದು.

ಡ್ರಾಪ್, ಅಂದರೆ ಸಲಕರಣೆ ಕೈತಪ್ಪಿ ಬೀಳುವುದು, ಇಂದಿಗೂ ದೋಷವೇ. ಆದರೆ ಬಿದ್ದ ಒಂದು ರೈಫಲ್‌ಗೆ ಇಂತಿಷ್ಟೇ ಅಂಕ ಎಂಬ ದರಪಟ್ಟಿ ಇಲ್ಲ. ಎಷ್ಟು ಬಾರಿ ಬಿತ್ತು, ಯಾವ ಮಟ್ಟದ ಕೆಲಸದಲ್ಲಿ ಬಿತ್ತು, ಕೈತಪ್ಪಿದವರು ಎಷ್ಟು ಬೇಗ ಎತ್ತಿಕೊಂಡು ಪಾತ್ರ ಬಿಡದೆ ಸಾಲಿಗೆ ಸೇರಿದರು ಎಂಬುದನ್ನೆಲ್ಲ ತೂಗಿದ ಮೇಲೆಯೇ ಅಂಕ ಬೀಳುವುದು.